ಮೀನು ತರುವ ಮೊದಲು ನೀರು ತಯಾರಾಗಲಿ

ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಇರುವ ಹಾಗೆ ನಮ್ಮ ಮನೆಯಲ್ಲೂ ಎರಡು ನೀರು. ಒಂದು ಕಾರ್ಪೊರೇಷನ್ ನಲ್ಲಿಯ ಹೊಳೆ ನೀರು, ಇನ್ನೊಂದು ಬೋರ್ ನೀರು. ಹೊಳೆ ನೀರು ಕುಡಿಯೋಕೆ, ಅಡುಗೆಗೆ. ಬೋರ್ ನೀರು ಬಟ್ಟೆಗೆ, ಪಾತ್ರೆಗೆ, ಬಚ್ಚಲಿಗೆ. ಬೋರ್ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮನೆಗೆ ಅಕ್ವೇರಿಯಂ ತರುವಾಗ ಈ ತಿಳಿವಳಿಕೆ ಎಲ್ಲಿ ಹೋಗುತ್ತದೋ. ಗಾಜು ಎಷ್ಟು ದಪ್ಪ, ಲೈಟು ಯಾವ ಬಣ್ಣ, ಹಿಂದುಗಡೆ ಯಾವ ಪೋಸ್ಟರ್ ಅಂತ ವಿಚಾರಿಸುತ್ತೇವೆ. ಯಾವ ನೀರು ತುಂಬಬೇಕು ಅಂತ ಕೇಳುವವರು ಕಡಿಮೆ.

ತೊಟ್ಟಿ ಕೊಳ್ಳಲು ಹೋದಾಗ ಅಂಗಡಿಯ ಹುಡುಗ ಬಹಳ ಪ್ರೀತಿಯಿಂದ ಹೇಳಿದ್ದ. "ಮೇಡಂ, ಮೀನೂ ಇವತ್ತೇ ತಗೊಂಡು ಹೋಗ್ರಿ. ನೀರು ತುಂಬಿ ಒಂದು ದಿನ ಇಟ್ರೆ ಸಾಕು." ಈ ಒಂದು ದಿನದ ಮಾತು ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದೆ. ಅದು ಪೂರ್ತಿ ಸುಳ್ಳಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನೀರು ಬಿಟ್ಟ ಹೊತ್ತಿನಲ್ಲಿ ಕೊಡದ ಬಾಯಿಗೆ ಮೂಗು ಹಿಡಿದರೆ ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದಲ್ಲ, ಅದೇ. ಬಾಯಿ ಅಗಲದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು, ಏರ್ ಪಂಪಿನಿಂದ ಗುಳ್ಳೆ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರ ಇದ್ದರೆ ಸೋಡಿಯಂ ಥಯೋಸಲ್ಫೇಟ್ ಹರಳು ಹಾಕಬಹುದು. ಹಳೆಯ ಫೋಟೋ ಸ್ಟುಡಿಯೋದವರು ಹೈಪೋ ಅನ್ನುತ್ತಿದ್ದದ್ದು ಇದನ್ನೇ. ಆದರೆ ಒಂದು ದಿನದಲ್ಲಿ ಮುಗಿಯುವುದು ಕ್ಲೋರಿನ್ ಕೆಲಸ ಮಾತ್ರ. ಮೀನು ಬದುಕಬೇಕಾದರೆ ಆಗಬೇಕಾದ ದೊಡ್ಡ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ.

ಮೀನು ತಿಂದದ್ದರಲ್ಲಿ ಒಂದು ಭಾಗ ಅಮೋನಿಯಾ ಆಗಿ ಹೊರಬರುತ್ತದೆ. ಹೆಚ್ಚಿನದು ಕಿವಿರಿನ ಮೂಲಕವೇ ನೀರಿಗೆ ಸೇರುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತು ಇನ್ನಷ್ಟು ಸೇರುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ. 60 ಲೀಟರ್ ತೊಟ್ಟಿಯಲ್ಲಿ ಎಲ್ಲಿ ಹೋಗಬೇಕು? ಮೀನು ತನ್ನದೇ ವಿಷದಲ್ಲಿ ಈಜುತ್ತಾ ಇರಬೇಕು. ಕಿವಿರು ಸುಡುತ್ತದೆ. ನೀರು ಮಾತ್ರ ನೋಡೋಕೆ ತಿಳಿಯಾಗೇ ಇರುತ್ತದೆ.

ಹೊಸ ತೊಟ್ಟಿಗೆ ಬಿಟ್ಟ ಮೀನುಗಳು ಮೊದಲ ಕೆಲವು ವಾರಗಳಲ್ಲೇ ಒಂದೊಂದಾಗಿ ಸಾಯುವುದು ಇದರಿಂದಲೇ. ಆಗ ನಮ್ಮ ಕಡೆ ಎರಡು ಮಾತು ಕೇಳಿಬರುತ್ತವೆ. ಒಂದು, "ನಮ್ಮನೆಗೆ ಮೀನು ಆಗಿಬರಂಗಿಲ್ಲ". ಇನ್ನೊಂದು, "ಬಿಡ್ರಿ, ಮನೆಗೆ ಬರೋ ಕಂಟಕನ ಅದು ತಗೊಂಡು ಹೋತು". ಸಮಾಧಾನಕ್ಕೆ ಹೇಳುವ ಮಾತು ಅಂತ ನನಗೂ ಗೊತ್ತು. ಆದರೂ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಆ ಮೀನು ಯಾರ ಕಂಟಕವನ್ನೂ ತಗೊಂಡು ಹೋಗಲಿಲ್ಲ. ಅಮೋನಿಯಾದಿಂದ ಸತ್ತಿತು. ಕೆಲವು ವಾರ ಕಾದಿದ್ದರೆ ಬದುಕುತ್ತಿತ್ತು.

ಕಾಯುವುದು ಅಂದರೆ ಏನಕ್ಕೆ ಕಾಯುವುದು? ಬ್ಯಾಕ್ಟೀರಿಯಾ ಬೆಳೆಯೋಕೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇದೂ ವಿಷವೇ. ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕಟ್ಟಿಹಾಕುತ್ತದೆ, ಮೀನಿನ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನ ತುಂಬ ಗುಳ್ಳೆ ಏಳುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿ ಇರುತ್ತದೆ, ಗಿಡಗಳಿದ್ದರೆ ಅವೂ ಹೀರಿಕೊಳ್ಳುತ್ತವೆ. ಈ ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಅಂತ 2015ರಲ್ಲಿ ಗೊತ್ತಾಯಿತು. ನೈಟ್ರೋಸ್ಪೈರಾ ಕುಲದ ಕೆಲವಕ್ಕೆ ಆ ಶಕ್ತಿ ಇದೆ. ಮನೆಯ ತೊಟ್ಟಿಯ ಮಟ್ಟಿಗೆ ಲೆಕ್ಕ ಮಾತ್ರ ಅದೇ. ಅಮೋನಿಯಾ ಇಳಿಯಬೇಕು, ನೈಟ್ರೈಟ್ ಇಳಿಯಬೇಕು.

ಇವು ಎಲ್ಲಿಂದಲೋ ತರಿಸಬೇಕಾದ ಅಪರೂಪದ ಜೀವಿಗಳಲ್ಲ. ನಮ್ಮ ಜಿಲ್ಲೆಯ ಮೆಕ್ಕೆಜೋಳದ ಹೊಲಗಳಲ್ಲಿ ಯೂರಿಯಾ ಹಾಕಿದ ಮೇಲೆ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ, ಆಮೇಲೆ ಇದೇ ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ನೋಡಿದ್ದೀರಲ್ವಾ? ಆ ಮದ್ದಿಗೆ ಬೇಕಾಗುತ್ತಿದ್ದ ಪೆಟ್ಲುಪ್ಪು ಅಂದರೆ ಪೊಟ್ಯಾಷಿಯಂ ನೈಟ್ರೇಟ್. ಹಳೆಯ ಕಾಲದಲ್ಲಿ ಅದನ್ನು ದನದ ಗಂಜಲ, ಸಗಣಿ ಬಿದ್ದ ಮಣ್ಣಿನಿಂದ ತೆಗೆಯುತ್ತಿದ್ದರು. ಆ ಮಣ್ಣಿನಲ್ಲಿ ನೈಟ್ರೇಟ್ ಕೂಡಿಸಿದ್ದೂ ಇದೇ ಬ್ಯಾಕ್ಟೀರಿಯಾಗಳು. ಆದರೆ ಕೆಲಸ ಮಾಡುತ್ತಿರುವುದು ಯಾರು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿ ಕೂತು ಅವುಗಳನ್ನು ಬೇರ್ಪಡಿಸಿ ತೋರಿಸಿದರು. ಸೊಪ್ಪು, ಕಾಳು, ಮಾಂಸ ಯಾವುದೂ ಬೇಡ, ಬರೀ ಅಮೋನಿಯಾದಿಂದ ಶಕ್ತಿ ಪಡೆದು ಬದುಕುವ ಜೀವ. ನನಗೆ ಇದು ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ.

ಈ ಊರಿನಲ್ಲಿ ತೊಟ್ಟಿ ಇಡುವವರು ಗಮನಿಸಬೇಕಾದದ್ದು ಇನ್ನೊಂದಿದೆ. ನಗರಕ್ಕೆ ತುಂಗಭದ್ರೆಯಿಂದಲೂ, ಭದ್ರಾ ನಾಲೆಯ ನೀರು ತುಂಬಿಸುವ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಿಂದಲೂ ನೀರು ಬರುತ್ತದೆ. ಅದು ಲವಣ ಕಡಿಮೆ ಇರುವ ಮೆದು ನೀರು. ಬೋರ್ ನೀರು ಗಡಸು, ಪಿಎಚ್ ಕೂಡ ಜಾಸ್ತಿ. ಪಿಎಚ್ ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಅಳತೆ; 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಮೇಲೆ ಕ್ಷಾರ. ಬೋರ್ ನೀರನ್ನು ಪಂಪಿನಿಂದ ಹಿಡಿದ ತಕ್ಷಣ ಪರೀಕ್ಷೆ ಮಾಡಬಾರದು. ನೆಲದೊಳಗಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಪಿಎಚ್ ಕಡಿಮೆ ತೋರಿಸುತ್ತದೆ. ಒಂದು ರಾತ್ರಿ ಗಾಳಿ ಆಡಿಸಿ ಬೆಳಿಗ್ಗೆ ನೋಡಿದರೆ ನಿಜವಾದ ಅಂಕಿ ಸಿಗುತ್ತದೆ. ಹೊಲಗಳ ನಡುವಿನ ಬೋರ್ ಆಗಿದ್ದರೆ ನೀರಿನಲ್ಲಿ ಮೊದಲೇ ನೈಟ್ರೇಟ್ ಇರಬಹುದು, ಅದನ್ನೂ ನೋಡಿಕೊಳ್ಳಬೇಕು.

ಪಿಎಚ್ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಬಹಳ ವಿಷ, ಇನ್ನೊಂದು ಅಷ್ಟಿಲ್ಲ. ನೀರು 25 ಡಿಗ್ರಿ ಇರುವಾಗ ಪಿಎಚ್ 7 ಆಗಿದ್ದರೆ ವಿಷದ ರೂಪದ ಪಾಲು ಶೇ. 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಸುಮಾರು ಶೇ. 5. ಪಿಎಚ್ 9 ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ನೀರು ಬಿಸಿಯಾದಷ್ಟೂ ಈ ಪಾಲು ಏರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಎಂಥ ಬಿಸಿಲು ಅಂತ ಹೇಳಬೇಕಿಲ್ಲ. ಅಂದರೆ ಮಲೆನಾಡಿನ ಮೆದು ನೀರಿನಲ್ಲಿ ಮೀನು ಹೇಗೋ ತಡೆದುಕೊಳ್ಳಬಹುದಾದಷ್ಟು ಅಮೋನಿಯಾ, ನಮ್ಮ ಬೋರ್ ನೀರಿನಲ್ಲಿ ಅದನ್ನು ಕೊಂದೇಬಿಡಬಹುದು. ಬೇರೆ ಊರಿನವರು ಅವಸರ ಮಾಡಿ ಪಾರಾದರು ಅಂತ ದಾವಣಗೆರೆಯವರು ಮಾಡಬಾರದು.

ಹಾಗಂತ ಬೋರ್ ನೀರು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬ್ಯಾಕ್ಟೀರಿಯಾಗಳಿಗೆ ಅದೇ ಒಳ್ಳೆಯದು. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಗಡಸು ನೀರಿನ ಬೈಕಾರ್ಬೊನೇಟ್ ಆ ಆಮ್ಲವನ್ನು ತಡೆದು ಪಿಎಚ್ ಬೀಳದಂತೆ ನೋಡಿಕೊಳ್ಳುತ್ತದೆ. ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಕ್ಯಾನನ್ನು ತಂದು ಪೂರ್ತಿ ತೊಟ್ಟಿಗೆ ಸುರಿಯುವವರೂ ಇದ್ದಾರೆ. ಆರ್‌ಒ ನೀರಿನಲ್ಲಿ ಈ ಲವಣಗಳು ಬಹಳ ಕಡಿಮೆ. ಪಿಎಚ್ ಇಳಿದುಬಿಡುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಕುಡಿಯೋಕೆ ಒಳ್ಳೆಯ ನೀರು ಮೀನಿಗೂ ಒಳ್ಳೆಯದು ಅಂತ ಏನಿಲ್ಲ.

ನಾವು ಕೊನೆಗೆ ಬೋರ್ ನೀರನ್ನೇ ಆರಿಸಿಕೊಂಡೆವು. ಕಾರಣ ಸರಳ. ಹೊಳೆ ನೀರು ದಿನಾ ಬರುವುದಿಲ್ಲ. ವಾರ ವಾರ ಬದಲಿಸೋಕೆ ಯಾವ ನೀರು ಖಂಡಿತ ಸಿಗುತ್ತದೋ ಅದೇ ನೀರಿನಲ್ಲಿ ತೊಟ್ಟಿ ಶುರು ಮಾಡಬೇಕು. ಇವತ್ತು ಹೊಳೆ ನೀರು, ಮುಂದಿನ ವಾರ ಬೋರ್ ನೀರು ಅಂತ ಹಾಕಿದರೆ ಮೀನಿಗೆ ಪ್ರತಿ ಸಲವೂ ಊರು ಬದಲಿಸಿದಷ್ಟು ಕಷ್ಟ. ಆಮೇಲೆ ನೀರಿಗೆ ಹೊಂದುವ ಮೀನು ಹುಡುಕಿದೆವು. ಗಪ್ಪಿ, ಮೋಲಿ, ಪ್ಲಾಟಿ ಇವೆಲ್ಲ ಗಡಸು ನೀರಿನಲ್ಲಿ ಚೆನ್ನಾಗಿರುತ್ತವೆ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುತ್ತಾರಲ್ಲ, ಅದೇ ಗಪ್ಪಿ. ಮಗಳಿಗೆ ನಿಯಾನ್ ಟೆಟ್ರಾ ಮೇಲೆ ಆಸೆ ಇತ್ತು. ಅದು ಅಮೆಜಾನ್ ಸೀಮೆಯ ಮೆದು, ಆಮ್ಲೀಯ ನೀರಿನ ಮೀನು. ನಮ್ಮ ಬೋರ್ ನೀರು ಅದಕ್ಕೆ ಹಿಂಸೆ ಅಂತ ವಿವರಿಸಿದೆ. ಒಪ್ಪಿಕೊಂಡಳು.

ತೊಟ್ಟಿ ಇಡುವ ಜಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಲೀಟರ್ ನೀರು ಒಂದು ಕೆಜಿ. ಗಾಜು, ಮರಳು, ಸ್ಟ್ಯಾಂಡ್ ಎಲ್ಲ ಸೇರಿದರೆ ಎರಡಡಿ ತೊಟ್ಟಿಯೂ ಒಬ್ಬ ದೊಡ್ಡ ಮನುಷ್ಯನಿಗಿಂತ ಭಾರ. ಒಮ್ಮೆ ತುಂಬಿದ ಮೇಲೆ ಸರಿಸೋಕೆ ಆಗುವುದಿಲ್ಲ. ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ಅಡಿಗೆ ಥರ್ಮಾಕೋಲ್ ಹಾಸಿ, ಬಿಸಿಲು ಬೀಳದ ಗೋಡೆಗೆ ಇಡಿ. ಪಡುವಣ ಗೋಡೆ ಬೇಡ, ಸಂಜೆವರೆಗೂ ಕಾಯುತ್ತದೆ. ಬರೀ ನೀರು ತುಂಬಿ ಒಂದೆರಡು ದಿನ ಸೋರುತ್ತದಾ ನೋಡಿ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ಕರೆಂಟು ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ.

ಮರಳು, ಕಲ್ಲಿನ ಕೆಲಸ ಮಾತ್ರ ನಿಧಾನವಾಗಿ ಮಾಡುವಂಥದ್ದು. ಹೊಳೆ ಮರಳನ್ನು ಬಕೆಟ್ಟಿನಲ್ಲಿ ಹಾಕಿ, ನೀರು ಬಿಟ್ಟು, ಕೈಯಾಡಿಸಿ ಬಗ್ಗಿಸುತ್ತಾ ಇರಬೇಕು. ಮೊದಲು ಕೆಂಪಗೆ ಬರುತ್ತದೆ, ಆಮೇಲೆ ಬೂದಿ ಬಣ್ಣ, ಕೊನೆಗೆ ತಿಳಿ. ಸೋಪು, ಫಿನಾಯಿಲ್ ಹತ್ತಿರ ಬರಬಾರದು, ಆ ಕೆಲಸಕ್ಕೆ ಬಳಸಿದ ಬಕೆಟ್ಟೂ ಬೇಡ. ಕಲ್ಲಿಗೆ ಒಂದು ಪರೀಕ್ಷೆ ಇದೆ. ಒಣಗಿದ ಕಲ್ಲಿನ ಮೇಲೆ ವಿನೆಗರ್ ನಾಲ್ಕು ಹನಿ ಬಿಟ್ಟು ಕಿವಿ ಹತ್ತಿರ ಹಿಡಿಯಬೇಕು. ಸುಣ್ಣದ ಅಂಶ ಇದ್ದರೆ ಸಣ್ಣಗೆ ಚುರ್ ಅನ್ನುತ್ತದೆ, ನೊರೆ ಏಳುತ್ತದೆ. ಮಗಳು ಅಂಗಳದಲ್ಲಿದ್ದ ಕಲ್ಲುಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಅಂಗಡಿಯ ಬಿಳಿ ಚೂರುಗಳು ಚುರ್ ಅಂದವು. ಮನೆ ಕಟ್ಟುವಾಗ ಉಳಿದಿದ್ದ ಕರಿ ಕಲ್ಲಿನ ತುಂಡು ಸುಮ್ಮನಿತ್ತು. ನೀರು ಮೊದಲೇ ಗಡಸು, ಅದನ್ನು ಇನ್ನೂ ಗಡಸು ಮಾಡುವ ಕಲ್ಲು ನಮಗೆ ಬೇಡ. ಕರಿ ಕಲ್ಲೇ ಒಳಗೆ ಹೋಯಿತು.

ಇನ್ನು ಬ್ಯಾಕ್ಟೀರಿಯಾಗೆ ಊಟ. ಮೀನಿಲ್ಲದೆ ಅಮೋನಿಯಾ ಎಲ್ಲಿಂದ ಬರಬೇಕು? ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯೋಕೆ ಬಿಡುವುದು ಒಂದು ದಾರಿ. ಎಷ್ಟು ಅಮೋನಿಯಾ ಆಯಿತು ಅನ್ನೋದು ಅದರಲ್ಲಿ ನಮ್ಮ ಕೈಯಲ್ಲಿರುವುದಿಲ್ಲ. ನಾನು ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಿಂದ ಅಮೋನಿಯಂ ಕ್ಲೋರೈಡ್ ತಂದೆ. ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ, ಆದರೆ ತೊಟ್ಟಿಗೆ ಶುದ್ಧವಾದದ್ದೇ ಆಗಬೇಕು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಬರಬೇಕೆಂದರೆ 60 ಲೀಟರ್ ನೀರಿಗೆ ಸುಮಾರು 0.4 ಗ್ರಾಂ ಸಾಕು. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂದುಕೊಳ್ಳಬೇಡಿ. ಅತಿಯಾದ ಅಮೋನಿಯಾ ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ.

ಮೊದಲ ವಾರ ನೀರು ಹಾಲು ಬೆರೆಸಿದ ಹಾಗೆ ಮಬ್ಬಾಯಿತು. ಹೊಸ ತೊಟ್ಟಿಯಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ. ಬಹಳ ಜನ ಇಲ್ಲೇ ಹೆದರಿ ನೀರೆಲ್ಲ ಚೆಲ್ಲಿ ತಿಕ್ಕಿ ತೊಳೆದು ಮತ್ತೆ ತುಂಬುತ್ತಾರೆ. ಸುಮ್ನೆ ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ. ನಮ್ಮ ಅತ್ತೆ ದಿನಾ ಪೂಜೆ ಮುಗಿಸಿ ಬಂದು ಒಮ್ಮೆ ಇಣುಕಿ ನೋಡುತ್ತಿದ್ದರು. "ಅಷ್ಟು ನೀರು ನಿಲ್ಲಿಸಿ ಕರೆಂಟು ಸುಡ್ತಾ ಇದ್ದೀಯಲ್ಲವ್ವ, ಒಳಗೆ ಏನೂ ಇಲ್ಲಲ್ಲ?" ಅಂತ ಕೇಳಿದರು. "ಅದ್ರಾಗ ಕಣ್ಣಿಗೆ ಕಾಣದಿರೋವು ಅದಾವೆ ಅತ್ತೆ, ಮೊದ್ಲು ಅವು ಬೆಳೀಬೇಕು" ಅಂದೆ. ನಂಬಿದರೋ ಇಲ್ಲವೋ. ಆದರೆ ಮಾರನೆಯ ದಿನದಿಂದ ಫಿಲ್ಟರ್ ಸ್ವಿಚ್ ಆಫ್ ಆಗದಂತೆ ಅವರೇ ಕಾವಲು ನಿಂತರು.

ಆ ಕಾವಲು ಸಣ್ಣ ವಿಷಯವಲ್ಲ. ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರುವುದಕ್ಕಿಂತ ಮರಳಿಗೆ, ಗಾಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬದುಕುತ್ತದೆ. ಅದಕ್ಕೆ ಆಮ್ಲಜನಕ ಬೇಕೇಬೇಕು. ನೀರು ಓಡಾಡದೆ ಗಂಟೆಗಟ್ಟಲೆ ನಿಂತರೆ ಸ್ಪಂಜಿನ ಒಳಗಿನದು ಉಸಿರುಕಟ್ಟಿ ಸಾಯಬಹುದು. ಬೇಸಿಗೆಯಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಅದಕ್ಕೇ ಏರ್ ಪಂಪಿನಿಂದ ಓಡುವ ಸ್ಪಂಜ್ ಫಿಲ್ಟರನ್ನೇ ತಂದು ಯುಪಿಎಸ್ ಲೈನಿಗೆ ಹಾಕಿದೆವು. ಬಹಳ ಕಡಿಮೆ ವಿದ್ಯುತ್ ಸಾಕು. ಯುಪಿಎಸ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಂಡರೆ ಆಯಿತು. ಮುಂದೆ ಸ್ಪಂಜ್ ತೊಳೆಯುವಾಗ ನಲ್ಲಿಯ ಕೆಳಗೆ ಹಿಡಿಯಬಾರದು, ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಬೇಕು.

ಹೊಸ ತೊಟ್ಟಿ ತಾನಾಗಿ ಹದಕ್ಕೆ ಬರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬೇಗ ಆಗಬೇಕು ಅಂದರೆ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜ್ ತಂದು ಹಾಕಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ತರುವ ಮನೆ ಮಾತ್ರ ಗೊತ್ತಿರಬೇಕು. ಮೀನು ಕಾಯಿಲೆ ಬಿದ್ದಿರುವ ತೊಟ್ಟಿಯಿಂದ ತಂದರೆ ಕಾಯಿಲೆಯೂ ಬರುತ್ತದೆ.

ಎಲ್ಲ ಸರಿಯಾಗಿ ನಡೆದಿದೆಯಾ ಅಂತ ತಿಳಿಯೋಕೆ ಟೆಸ್ಟ್ ಕಿಟ್ ಒಂದೇ ದಾರಿ. ಮೀನಿಗೆ ಕೊಡುವ ದುಡ್ಡಿಗಿಂತ ಮೊದಲು ಇದಕ್ಕೆ ಕೊಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮಗಳಿಗೆ ಅದು ದಿನದ ಕೆಲಸವಾಗಿತ್ತು. ಸ್ಕೂಲಿಂದ ಬಂದವಳೇ ಸಣ್ಣ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ನೀರು ಹಿಡಿದು, ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿಸಿ ಹನಿ ಎಣಿಸಿ ಬಿಡುತ್ತಿದ್ದಳು. ಮುಚ್ಚಳ ಹಾಕಿ ಅಲ್ಲಾಡಿಸಿ, ಕಿಟಕಿ ಹತ್ತಿರ ಬಿಳಿ ಹಾಳೆಗೆ ಆನಿಸಿ ಹಿಡಿದು ಕಾಯುವುದು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದಷ್ಟೂ ಹಸಿರು. ನೈಟ್ರೈಟ್ ಇಲ್ಲದಿದ್ದರೆ ತಿಳಿ ನೀಲಿ, ಇದ್ದರೆ ನೇರಳೆ. "ಅಮ್ಮಾ, ಇವತ್ತು ಹಸಿರು ಕಮ್ಮಿ ಐತಿ, ಆದ್ರೆ ಇದು ನೇರಳೆ ಆಗೇತಿ" ಅಂತ ಒಂದು ಸಂಜೆ ಓಡಿ ಬಂದಳು. ಅಮೋನಿಯಾ ತಿನ್ನುವವು ಬಂದಿವೆ, ನೈಟ್ರೈಟ್ ತಿನ್ನುವವು ಇನ್ನೂ ಬರಬೇಕು ಅಂತ ಅರ್ಥ. ಈ ನೇರಳೆ ಬಣ್ಣ ಬಹಳ ದಿನ ಹಾಗೇ ನಿಲ್ಲುತ್ತದೆ. ತಾಳ್ಮೆ ಕೆಡುವುದು ಇಲ್ಲೇ. ಎರಡನೇ ಗುಂಪು ನಿಧಾನವಾಗಿಯೇ ಬೆಳೆಯುತ್ತದೆ. ಒಂದು ದಿನ ನೋಡಿದರೆ ನೇರಳೆ ಮಸುಕಾಗಿರುತ್ತದೆ, ಆಮೇಲೆ ಬೇಗ ಬೇಗ ನೀಲಿಗೆ ಬರುತ್ತದೆ.

2 ಮಿಲಿಗ್ರಾಂ ಲೆಕ್ಕದಲ್ಲಿ ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ನೋಡಿದಾಗ ಅಮೋನಿಯಾನೂ ಸೊನ್ನೆ, ನೈಟ್ರೈಟೂ ಸೊನ್ನೆ ಇದ್ದರೆ ತೊಟ್ಟಿ ತಯಾರು. ಅಷ್ಟೊತ್ತಿಗೆ ನೈಟ್ರೇಟ್ ಬಹಳ ಕೂಡಿರುತ್ತದೆ. ಅರ್ಧಕ್ಕಿಂತ ಹೆಚ್ಚು ನೀರು ತೆಗೆದು ಗಾಳಿಯಾಡಿಸಿಟ್ಟ ಹೊಸ ನೀರು ತುಂಬಬೇಕು. ಮೀನು ತಂದ ದಿನ ಪ್ಲಾಸ್ಟಿಕ್ ಚೀಲವನ್ನು ಸ್ವಲ್ಪ ಹೊತ್ತು ತೊಟ್ಟಿಯಲ್ಲಿ ತೇಲಿಬಿಟ್ಟು, ಶಾಖ ಸಮ ಆದಮೇಲೆ ತೊಟ್ಟಿಯ ನೀರನ್ನು ಚೀಲಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಬೇಕು. ಅಂಗಡಿಯ ನೀರು ಒಳಗೆ ಬೇಡ. ಮೊದಲು ನಾಲ್ಕೈದು ಗಪ್ಪಿ ಸಾಕು.

ಗಾಜು ಚೊಕ್ಕ ಮಾಡುತ್ತದೆ ಅಂತ ಹೇಳಿ ಸಕರ್ ಮೀನಿನ ಮರಿ ಕೊಟ್ಟರೆ ಬೇಡ ಅನ್ನಿ. ಅದು ಒಂದಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಸಾಕೋಕೆ ಆಗದೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ನಮ್ಮ ನೆಲದ ಮೀನುಗಳ ಜಾಗ ಕಿತ್ತುಕೊಳ್ಳುತ್ತದೆ. ಮನೆಯ ತೊಟ್ಟಿಯ ಯಾವ ಮೀನೂ ಕುಂದವಾಡ ಕೆರೆಗೆ ಹೋಗಬಾರದು. ಬೇಡವಾದರೆ ಅಂಗಡಿಗೆ ವಾಪಸ್ ಕೊಡಿ, ಸಾಕುವವರಿಗೆ ಕೊಡಿ.

ನಮ್ಮ ತೊಟ್ಟಿಯಲ್ಲಿ ಗಪ್ಪಿಗಳು ಈಗ ಮರಿ ಹಾಕಿವೆ. ಫಿಲ್ಟರಿನಲ್ಲಿ ಮೊದಲೇ ಒಂದು ಸ್ಪಂಜ್ ಜಾಸ್ತಿ ಇಟ್ಟಿದ್ದೇನೆ. ದಾವಣಗೆರೆಯಲ್ಲಿ ಹೊಸದಾಗಿ ತೊಟ್ಟಿ ಶುರು ಮಾಡುವವರು ಇದ್ದರೆ ಹೇಳಿ, ಅದರಲ್ಲಿ ಒಂದು ತುಂಡು ಕತ್ತರಿಸಿ ಕೊಡುತ್ತೇನೆ. ತೊಟ್ಟಿಯ ನೀರು ತುಂಬಿದ ಡಬ್ಬಿಯಲ್ಲೇ ಹಾಕಿಕೊಡುತ್ತೇನೆ. ಒಣಗಿಸದೆ, ಬಿಸಿಲಿಗೆ ಇಡದೆ, ಅವತ್ತೇ ಮನೆಗೆ ಹೋಗಿ ಫಿಲ್ಟರಿಗೆ ಸೇರಿಸಬೇಕು. ಮೀನು ಮಾತ್ರ ಆಮೇಲೆ ತನ್ನಿ.